ಜೋಳದ ದಂಟಿನ ಹರಿಕೇನ್



ಈ ಹೊತ್ತು ನಾನು ತಮ್ಮೆದುರಿಗೆ ಹೇಳಬೇಕೆಂದಿರುವುದು ಒಂದು ಆಟಿಕೆಯ ಸಮಾಚಾರ. ಕಾಲೇಜಿನಲ್ಲಿ ಪಾಠ ಹೇಳತಕ್ಕ, ವಯಸ್ಸು ನಲವತ್ತನ್ನು ದಾಟಿದ ಗೃಹಸ್ಥನೊಬ್ಬನು ಆಟಿಕೆಯನ್ನು ಕುರಿತು ಭಾಷಣ ಮಾಡುವನೆಂದರೆ ಕೇಳುವವರಿಗೆ ನಗೆ ಬಂದೀತು. ಬಂದರೆ ಬರಲಿ. ಹತ್ತು ಅಂಗುಲದ ಆ ಆಟಿಕೆಯಿಂದ ನಾನು ಕಲಿತ ಪಾಠ ದೊಡ್ಡದು; ಅದನ್ನು ಕಲಿಯಲು ನನಗೆ ಬಹಳ ತಡವಾಯಿತು. ಆ ತಡವನ್ನು ನಾಲ್ಕು ಜನರ ಎದುರಿಗೆ ಒಪ್ಪಿಕೊಳ್ಳುವುದೂ ಈ ಭಾಷಣದ ಒಂದು ಉದ್ದೇಶ.

ನಾನು ವಿಜಾಪುರ ಸೀಮೆಯವನು. 2014ರಿಂದ ಅದರ ಹೆಸರು ವಿಜಯಪುರ. ಹುಟ್ಟಿದ್ದು ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಶಾಲೆಗೆ ಹೋದದ್ದು ಬಸವನ ಬಾಗೇವಾಡಿಯಲ್ಲಿ. ಉದ್ಯೋಗದ ನಿಮಿತ್ತ ಸಿಂದಗಿಯಲ್ಲಿ ಕೆಲವು ವರ್ಷ ಇದ್ದು ಈಗ ಇಂಡಿಯಲ್ಲಿ ನೆಲೆ ನಿಂತಿದ್ದೇನೆ. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ, ನಡುವೆ ಡೋಣಿಯ ಎರೆಭೂಮಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಮರ ಕಡಿಮೆ, ಮಳೆ ಕಡಿಮೆ. ಹಿಂಗಾರಿ ಜೋಳ ಮಾತ್ರ ಯಥೇಚ್ಛ. ಆದುದರಿಂದ ನಮ್ಮ ಮಕ್ಕಳ ಆಟಿಕೆಗಳೂ ಮಣ್ಣಿನವು, ಇಲ್ಲವೆ ಜೋಳದ ದಂಟಿನವು.

ದೊಡ್ಡ ವಸ್ತುವನ್ನು ಚಿಕ್ಕದಾಗಿ ಮಾಡಿ ನೋಡಿ ಸಂತೋಷಪಡುವುದು ನಮಗೆ ಹೊಸದಲ್ಲ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲಿಯೂ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುತ್ತಾರೆ. ಕೊಂಬು ತುಸು ಓರೆಯಾದರೆ, ಡುಬ್ಬ ತಗ್ಗಿದರೆ, ‘ಇದು ನಮ್ಮ ಎತ್ತಲ್ಲ’ ಎಂದು ಹಿರಿಯರು ತಿದ್ದುತ್ತಾರೆ. ಬರಿಯ ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವೆಲ್ಲ ಈ ಒಂದು ಮಾತಿನಲ್ಲಿದೆ. ಆಟಿಕೆ ‘ಒಂದು ಎತ್ತು’. ಪ್ರತಿಕೃತಿ ‘ನಮ್ಮ ಎತ್ತು’. ಮೊದಲನೆಯದಕ್ಕೆ ನಾಲ್ಕು ಕಾಲಿದ್ದರೆ ಸಾಕು. ಎರಡನೆಯದಕ್ಕೆ ಅಳತೆ ಬೇಕು, ನೆನಪು ಬೇಕು, ಸತ್ಯದ ಭಯ ಬೇಕು.

ವಿಮಾನಗಳ ಪ್ರತಿಕೃತಿಯನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಎರಡು ಮಹಾಯುದ್ಧಗಳ ನಡುವೆ ಬಳಕೆಗೆ ಬಂದಿತು. 1932ರಲ್ಲಿ ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮರದ ಜೋಡಣೆಗಳು ಹೊರಟವು. 1936ರಲ್ಲಿ ‘ಫ್ರಾಗ್ ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಜೋಡಣೆಗಳು ಬಂದವು. ಇವೆರಡರ ಪ್ರಮಾಣವೂ ಎಪ್ಪತ್ತೆರಡಕ್ಕೆ ಒಂದು, ಎಂದರೆ ನಿಜವಾದ ವಿಮಾನದ ಆರು ಅಡಿ ಪ್ರತಿಕೃತಿಯಲ್ಲಿ ಒಂದು ಅಂಗುಲ. ಆಳಿನ ಎತ್ತರ ಸುಮಾರು ಆರು ಅಡಿ. ಅವನು ಅಂಗುಲದ ಬೊಂಬೆಯಾಗುತ್ತಾನೆ.

ಯುದ್ಧ ಬಂದಮೇಲೆ ಈ ವಿನೋದವು ವಿನೋದವಾಗಿ ಉಳಿಯಲಿಲ್ಲ. 1942ರಲ್ಲಿ ಅಮೇರಿಕದ ನೌಕಾಪಡೆಯವರು ಐವತ್ತು ಬಗೆಯ ವಿಮಾನಗಳಲ್ಲಿ ಒಂದೊಂದಕ್ಕೂ ಹತ್ತು ಸಾವಿರದಂತೆ, ಒಟ್ಟು ಐದು ಲಕ್ಷ ಪ್ರತಿಕೃತಿಗಳನ್ನು ಶಾಲೆಯ ಹುಡುಗರಿಂದ ಮಾಡಿಸಲು ಹೊರಟರು. ಅವುಗಳಿಗೆಲ್ಲ ಒಂದೇ ಕಪ್ಪು ಬಣ್ಣ. ಏಕೆಂದರೆ ದೂರದ ಆಕಾಶದಲ್ಲಿ ಬಣ್ಣ ಕಾಣುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ. ಅಂತಹ ಪ್ರತಿಕೃತಿಯನ್ನು 35 ಅಡಿ ದೂರದಲ್ಲಿ ತೂಗುಹಾಕಿದರೆ, 35ನ್ನು 72ರಿಂದ ಗುಣಿಸಿ, ನಿಜವಾದ ವಿಮಾನವನ್ನು 2,520 ಅಡಿ ದೂರದಿಂದ, ಎಂದರೆ ಹತ್ತಿರ ಹತ್ತಿರ ಅರ್ಧ ಮೈಲಿಯಿಂದ ನೋಡಿದಂತಾಗುವುದು. ಸಿಪಾಯಿಗಳು ಅದನ್ನು ನೋಡಿ ನೋಡಿ ನಮ್ಮದು ಯಾವುದು, ಶತ್ರುವಿನದು ಯಾವುದು ಎಂದು ಕಲಿಯಬೇಕು. ತಪ್ಪಿದರೆ ತಮ್ಮವರನ್ನೇ ಹೊಡೆದು ಕೆಡಹಿಯಾರು. ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ನಮ್ಮ ನಾಡಿಗೂ ಯುದ್ಧವಿಮಾನದ ಸಂಬಂಧ ಆಗಲೇ ಒದಗಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ಶಿಕ್ಷಣವಿಮಾನವು ಹಾರಿತು. 1942ರಲ್ಲಿ ಕರ್ಟಿಸ್ ಹಾಕ್ ಎಂಬ ಕಾದಾಟದ ವಿಮಾನವೂ ಹಾರಿತು. ಆದರೆ ಬರ್ಮಾದ ಗಡಿಯಲ್ಲಿ ಭಾರತೀಯ ಹುಡುಗರು ಹೆಚ್ಚಾಗಿ ಹತ್ತಿದ ವಿಮಾನ ಇಂಗ್ಲೆಂಡಿನ ಹಾಕರ್ ಹರಿಕೇನ್. 1944ರಲ್ಲಿ ಇಂಫಾಲದ ಮುತ್ತಿಗೆಯ ಕಾಲದಲ್ಲಿ ಅರ್ಜನ್ ಸಿಂಗರ ನಾಯಕತ್ವದಲ್ಲಿ ನಮ್ಮ ವಾಯುಪಡೆಯ ಮೊದಲನೆಯ ದಳವು ಹರಿಕೇನುಗಳಲ್ಲಿಯೇ ಕಾಡಿನ ಮೇಲೆ ಹಾರಿ ಶತ್ರುವಿನ ಚಲನವಲನಗಳನ್ನು ಕಂಡು ತಿಳಿಸುತ್ತಿದ್ದಿತು.

ಹರಿಕೇನನ್ನು ರಚಿಸಿದವರು ಸಿಡ್ನಿ ಕ್ಯಾಮ್. ಅದು ಮೊದಲು ಹಾರಿದ್ದು 1935ರ ನವೆಂಬರ್ 6ರಂದು. ರೆಕ್ಕೆಯ ತುದಿಯಿಂದ ತುದಿಗೆ 40 ಅಡಿ. ಉದ್ದ ಸುಮಾರು 32 ಅಡಿ. ಬೆನ್ನು ಎತ್ತಿನ ಡುಬ್ಬದಂತೆ ಸ್ವಲ್ಪ ಉಬ್ಬಿದ್ದು. ಅದರ ಸ್ವಾರಸ್ಯವಿರುವುದು ಮೈಕಟ್ಟಿನಲ್ಲಿ. ಆಗಿನ ಬೇರೆ ಹಲವು ಹೊಸ ವಿಮಾನಗಳು ಮೈತುಂಬ ಲೋಹದ ತಗಡನ್ನು ಹೊದೆದಿದ್ದರೆ, ಇದರ ಹಿಂಭಾಗದಲ್ಲಿ ಉಕ್ಕಿನ ಕೊಳವೆಗಳ ಅಸ್ಥಿಪಂಜರ, ಅದರ ಮೇಲೆ ಮರದ ಪಟ್ಟಿಗಳು, ಅವುಗಳ ಮೇಲೆ ಬಿಗಿದ ಬಟ್ಟೆ. ಗುಂಡು ತಗುಲಿ ಬಟ್ಟೆ ಹರಿದರೆ ಬೇರೆ ಬಟ್ಟೆಯ ತೇಪೆ ಹಚ್ಚಿ ಮತ್ತೆ ಹಾರಿಸುತ್ತಿದ್ದರು. ಸಿಂಪಿಗನೂ ಬಡಿಗನೂ ಕೂಡಿ ದುರಸ್ತಿ ಮಾಡಬಹುದಾದ ಯುದ್ಧವಿಮಾನವೆಂದರೆ ತಪ್ಪಾಗದು.

ನಾನು ಈ ವಿಮಾನವನ್ನು ಮೊದಲು ಮಾಡಿದ್ದು 1992ರಲ್ಲಿ, ಏಳನೆಯ ತರಗತಿಯಲ್ಲಿದ್ದಾಗ. ಒಂದು ಇಂಗ್ಲಿಷ್ ಪುಸ್ತಕದಲ್ಲಿ ಅದರ ವರ್ಣಚಿತ್ರವೂ ಮೂರು ಕಡೆಯ ನಕ್ಷೆಯೂ ಇದ್ದುವು. ನಮ್ಮಲ್ಲಿ ಹಗುರವಾದ ಬಾಲ್ಸಾ ಮರವಿಲ್ಲ. ಆದರೆ ಜೋಳದ ದಂಟಿನ ಬೆಂಡು ಇದೆಯಷ್ಟೆ. ಮೇಲಿನ ಗಟ್ಟಿ ಸಿಪ್ಪೆಯನ್ನು ಸಿಬಿರು ಸಿಬಿರಾಗಿ ಸೀಳಿ, ಒಳಗಿನ ಬೆಂಡಿಗೆ ಚುಚ್ಚಿ, ಗಾಲಿ ಬಂಡಿಗಳನ್ನು ಮಾಡುವುದು ನಮ್ಮ ಕಡೆಯ ಪ್ರತಿಯೊಬ್ಬ ಹುಡುಗನಿಗೂ ಬರುವ ವಿದ್ಯೆ. ಸಿಬಿರೇ ಉಕ್ಕಿನ ಕೊಳವೆ, ಬೆಂಡೇ ಮರ, ಗಾಳಿಪಟದ ಕಾಗದವೇ ಬಟ್ಟೆ. ಹರಿಕೇನ್ ನಮ್ಮ ದಂಟಿಗಾಗಿಯೇ ಹುಟ್ಟಿದ ವಿಮಾನವೆಂದು ನನಗೆ ತೋರಿತು.

ಮಾಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾಲ್ವತ್ತೆಂಟಕ್ಕೆ ಒಂದರ ಪ್ರಮಾಣವನ್ನು ಹಿಡಿದರೆ ಲೆಕ್ಕ ಸುಲಭ: ನಾಲ್ಕು ಅಡಿಗೆ ಒಂದು ಅಂಗುಲ. ನಾಲ್ವತ್ತು ಅಡಿಯ ರೆಕ್ಕೆ ಹತ್ತು ಅಂಗುಲವಾಗುತ್ತದೆ, ಮೂವತ್ತೆರಡು ಅಡಿಯ ಮೈ ಎಂಟು ಅಂಗುಲವಾಗುತ್ತದೆ. ಮೊದಲು ನಕ್ಷೆಯನ್ನು ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಲ್ಲಿ ಮೈಯ ಅಡ್ಡಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚಿನಲ್ಲಿ ಸಣ್ಣ ಕಚ್ಚುಗಳನ್ನು ಮಾಡಿ, ಸಿಬಿರುಗಳನ್ನು ಮೂತಿಯಿಂದ ಬಾಲದವರೆಗೆ ಕೂರಿಸಬೇಕು. ಅಂಟಿಗೆ ಜಾಲಿಯ ಗೋಂದು. ಅಂಟು ಒಣಗುವವರೆಗೆ ಹಿಡಿದಿಡಲು ಗುಂಡುಸೂಜಿಗೆ ಬದಲು ಜಾಲಿಯ ಮುಳ್ಳು. ಮೂತಿಯನ್ನೂ ರೆಕ್ಕೆಗಳನ್ನೂ ನಾಲ್ಕಾರು ಬೆಂಡುಗಳನ್ನು ಕೂಡಿಸಿ ಅಂಟಿಸಿ, ಹರಿತವಾದ ಬ್ಲೇಡಿನಿಂದ ಕೆತ್ತಬೇಕು. ಮೊಂಡು ಬ್ಲೇಡು ಬೆಂಡನ್ನು ಕೊಯ್ಯುವುದಿಲ್ಲ, ಹಿಸುಕುತ್ತದೆ. ರೆಕ್ಕೆಯ ಮೇಲ್ಮೈ ಉಬ್ಬು, ಕೆಳಮೈ ಹೆಚ್ಚುಕಡಿಮೆ ಚಪ್ಪಟೆ. ನಡುವಿನ ತುಂಡು ಸಮನಾಗಿದ್ದು ಎರಡು ಹೊರತುಂಡುಗಳೂ ತುದಿಯ ಕಡೆಗೆ ತುಸು ಮೇಲೇರಬೇಕು. ಎರಡರ ಏರಿಕೆಯೂ ಒಂದೇ ಆಗಿರಬೇಕು. ಇಲ್ಲಿ ಸೋತರೆ ವಿಮಾನವು ರೆಕ್ಕೆ ಮುರಿದ ಕಾಗೆಯಂತೆ ಕಾಣುತ್ತದೆ.

ಹಿಂಭಾಗಕ್ಕೆ ಗಾಳಿಪಟದ ಕಾಗದವನ್ನು ಅಂಟಿಸಿ ನೀರನ್ನು ತೆಳ್ಳಗೆ ಸಿಂಪಡಿಸಿದರೆ, ಒಣಗುವಾಗ ಅದು ತಾನೇ ಬಿಗಿದು ತಮಟೆಯಂತಾಗುತ್ತದೆ. ಒಳಗಿನ ಸಿಬಿರುಗಳ ಸಾಲು ಹೊರಗೆ ಮೂಡುತ್ತದೆ. ನಿಜವಾದ ವಿಮಾನದ ಬಟ್ಟೆಯನ್ನೂ ‘ಡೋಪ್’ ಎಂಬ ದ್ರವವನ್ನು ಬಳಿದು ಹೀಗೆಯೇ ಬಿಗಿಗೊಳಿಸುತ್ತಿದ್ದರು. ಚಾಲಕನ ಗಾಜಿನ ಮಾಡಕ್ಕೆ ಹೊಸ ಅಂಗಿಯ ಕೊರಳಪಟ್ಟಿಯೊಳಗೆ ಬರುವ ಪಾರದರ್ಶಕ ಪಟ್ಟಿ. ಗಾಲಿಗೆ ಸೂಜಿಮದ್ದಿನ ಸೀಸೆಯ ರಬ್ಬರು ಮುಚ್ಚಳ. ಹೀಗೆ ಮನೆಯಲ್ಲಿ ಎಸೆಯತಕ್ಕ ವಸ್ತುಗಳೆಲ್ಲ ಆಕಾಶಕ್ಕೆ ಏರಿದುವು.

ಕೊನೆಗೆ ಬಣ್ಣ. ಪುಸ್ತಕದ ಚಿತ್ರದಲ್ಲಿದ್ದಂತೆ ಮೇಲೆ ಕಂದು ಹಸಿರುಗಳ ಪಟ್ಟೆ, ಕೆಳಗೆ ತಿಳಿಬಣ್ಣ. ರೆಕ್ಕೆಗಳ ಮೇಲೂ ಮೈಯ ಪಕ್ಕಗಳಲ್ಲೂ ವರ್ತುಲದೊಳಗೆ ವರ್ತುಲವಾಗಿ ಬರೆದ ಗುರುತು, ನಟ್ಟನಡುವೆ ಕೆಂಪು. ಆ ಕೆಂಪನ್ನು ನಾನು ಎಷ್ಟು ಶ್ರದ್ಧೆಯಿಂದ ಹಚ್ಚಿದೆನೆಂದರೆ, ಉಸಿರು ಹಿಡಿದು, ನಾಲಗೆ ಕಚ್ಚಿಕೊಂಡು, ಒಂದು ಗುರುತಿಗೆ ಒಂದು ಸಂಜೆ ಹಿಡಿಯಿತು. ಶಾಲೆಯ ವಸ್ತುಪ್ರದರ್ಶನದಲ್ಲಿ ಅದನ್ನು ಎಲ್ಲರೂ ಹೊಗಳಿದರು.

ಅಂದು ಪ್ರದರ್ಶನವನ್ನು ನೋಡಲು ನನ್ನ ಅಜ್ಜನ ತಮ್ಮನೂ ಬಂದಿದ್ದನು. ನಾವು ಅವನನ್ನು ಸಣ್ಣ ಮುತ್ಯಾ ಎಂದು ಕರೆಯುತ್ತಿದ್ದೆವು. ಅವನು 1942ರಲ್ಲಿ ವಾಯುಪಡೆಯನ್ನು ಸೇರಿ, ವಿಮಾನದ ಮೈಯನ್ನು ನೋಡಿಕೊಳ್ಳತಕ್ಕ ರಿಗ್ಗರ್ ಕೆಲಸವನ್ನು ಕಲಿತು, ಬಂಗಾಳದ ಕಡೆಗೆ ಹೋಗಿ, ಯುದ್ಧ ಮುಗಿದಮೇಲೆ ಊರಿಗೆ ಬಂದು ಒಕ್ಕಲುತನಕ್ಕೆ ನಿಂತವನು. ಯುದ್ಧದ ವಿಷಯವಾಗಿ ಯಾರೊಡನೆಯೂ ಹೆಚ್ಚು ಮಾತನಾಡಿದವನಲ್ಲ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿಗಾಗಿ ಹಳೆಯ ಮನೆಯನ್ನು ಬಿಟ್ಟು ಬಂದಾಗ ಅವನ ಕಾಗದಪತ್ರಗಳೂ ಹೋದುವು. ಅವನು ಆ ದಿನ ಮೇಜಿನ ಬಳಿ ನಿಂತು, ಕನ್ನಡಕವನ್ನು ಸರಿಪಡಿಸಿಕೊಂಡು, ನನ್ನ ವಿಮಾನವನ್ನು ಬಹಳ ಹೊತ್ತು ನೋಡಿದನು. ಆಮೇಲೆ ಕೇಳಿದನು:

“ತಮ್ಮಾ, ಇದರ ಗದ್ದ ಎಲ್ಲೈತೋ?”

ನನಗೆ ಅರ್ಥವಾಗಲಿಲ್ಲ. ಅವನು ಬೆರಳಿನಿಂದ ಮೂತಿಯ ಕೆಳಗನ್ನು ತೋರಿಸಿದನು. “ಇಲ್ಲಿ ಒಂದು ಗದ್ದ ಇರ್ತಿತ್ತು. ಧೂಳ ಒಳಗ ಹೋಗಬಾರದಂತ.” ಆಮೇಲೆ ಆ ಬೆರಳು ನಡುವಣ ಕೆಂಪಿನ ಮೇಲೆ ಬಂದು ನಿಂತಿತು. “ಈ ಕೆಂಪ ಯಾಕ ಹಚ್ಚೀಯೋ? ಕೆಂಪ ಇರಲಿಲ್ಲ. ಕೆಂಪ ನಾನಽ ಅಳಿಸೀನಿ. ನಾನಽ ಅಳಿಸಿದ ಕೆಂಪ ನೀ ಮತ್ತ ಹಚ್ಚೀದಿ.”

ಸುತ್ತಲೂ ನನ್ನ ಗೆಳೆಯರಿದ್ದರು; ಮಾಸ್ತರರೂ ಇದ್ದರು. ನಾನು, “ಮುತ್ಯಾ, ಪುಸ್ತಕದಾಗ ಹಿಂಗಽ ಐತಿ” ಎಂದೆನು. ಅವನು, “ಕೆಂಪಿನ ಮ್ಯಾಲ ನೀಲಿ ಒಂದಽ ಕೈಗೆ ಕೂಡೂದಿಲ್ಲ, ತಮ್ಮಾ. ಎರಡ ಕೈ ಹೊಡೀಬೇಕು” ಎಂದು ಏನೋ ಹೇಳಲು ಹೊರಟನು. ನಾನು ಗೆಳೆಯರ ಕಡೆಗೆ ತಿರುಗಿ, “ಮುತ್ಯಾಗ ಅರಳುಮರಳು” ಎಂದುಬಿಟ್ಟೆನು. ಎಲ್ಲರೂ ನಕ್ಕರು. ಅವನೂ ಸ್ವಲ್ಪ ನಕ್ಕಂತೆ ಮಾಡಿ ಕೋಲನ್ನು ತೆಗೆದುಕೊಂಡು ಹೊರಟನು. ಆಮೇಲೆ ಏಳು ವರ್ಷ ಬದುಕಿದ್ದನು. ವಿಮಾನದ ಮಾತನ್ನು ಅವನು ನನ್ನೊಡನೆ ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕಾಲಯದಲ್ಲಿ ಬರ್ಮಾ ಯುದ್ಧದ ಛಾಯಾಚಿತ್ರಗಳಿದ್ದ ಗ್ರಂಥವೊಂದು ನನ್ನ ಕೈಗೆ ಬಂದಿತು. ಅದರಲ್ಲಿದ್ದ ಹರಿಕೇನುಗಳ ಮೂತಿಯ ಕೆಳಗೆ ಗದ್ದವಿದ್ದಿತು. ಅದು ವೋಕ್ಸ್ ಎಂಬ ಧೂಳುಶೋಧಕ. ಬಿಸಿಲುನಾಡಿನ ಮಣ್ಣು ಎಂಜಿನ್ನಿನೊಳಗೆ ನುಗ್ಗದಂತೆ ಇಟ್ಟದ್ದು. ವರ್ತುಲದ ನಡುವೆ ಕೆಂಪು ಇರಲಿಲ್ಲ. ಕಾರಣವೂ ಅಲ್ಲಿ ಬರೆದಿದ್ದಿತು. ಜಪಾನೀ ವಿಮಾನಗಳ ಗುರುತು ದುಂಡನೆಯ ಕೆಂಪು ಸೂರ್ಯ. ಕ್ಷಣಮಾತ್ರದಲ್ಲಿ ಗುಂಡು ಹಾರಿಸಬೇಕಾದವನಿಗೆ ಕೆಂಪು ಕಂಡರೆ ಸಾಕು, ಅದು ಶತ್ರುವೇ. ಅದಕ್ಕಾಗಿ 1942ರಲ್ಲಿ ಅಮೇರಿಕದವರು ತಮ್ಮ ಬಿಳಿಯ ನಕ್ಷತ್ರದ ನಡುವಣ ಕೆಂಪು ಚುಕ್ಕೆಯನ್ನು ತೆಗೆದುಹಾಕಿದರು. 1943ರಲ್ಲಿ ಭಾರತ ಬರ್ಮಾಗಳ ರಂಗದಲ್ಲಿಯೂ ಕೆಂಪನ್ನು ಮುಚ್ಚಿದರು. ಹೊಳೆಯುವ ಬಿಳಿಗೂ ನೀಲಿಯನ್ನು ಬೆರೆಸಿ, ಹೊರಗೆ ದಟ್ಟ ನೀಲಿ, ಒಳಗೆ ತಿಳಿನೀಲಿಯಾದ ಗುರುತನ್ನು ಬರೆದರು.

ನನ್ನ ಬಾಲ್ಯದ ಪುಸ್ತಕವು ಸುಳ್ಳು ಹೇಳಿರಲಿಲ್ಲ. ಅದರಲ್ಲಿದ್ದುದು 1940ರ ಇಂಗ್ಲೆಂಡಿನ ಆಕಾಶದ ಹರಿಕೇನ್. ಮುತ್ಯಾನೂ ಸುಳ್ಳು ಹೇಳಿರಲಿಲ್ಲ. ಅವನು ಹೇಳಿದ್ದು ತಾನು ಕೈಯಿಂದ ಮುಟ್ಟಿದ ಹರಿಕೇನಿನ ಮಾತು. ವರ್ಷ ಬೇರೆ, ಆಕಾಶ ಬೇರೆ. ಸುಳ್ಳು ಹೇಳಿದವನು ನಾನೊಬ್ಬನೇ; ನನಗೆ ತಿಳಿಯದ್ದನ್ನು ಅವನ ಮರೆವು ಎಂದು ಹೇಳಿದೆನು. ಅಂದಿನಿಂದ ತರಗತಿಯಲ್ಲಿ ಯಾವನಾದರೂ ವಿದ್ಯಾರ್ಥಿ ‘ನಮ್ಮ ಮನೆಯಲ್ಲಿ ಹಿರಿಯರು ಬೇರೆ ಹೇಳುತ್ತಾರೆ’ ಎಂದರೆ, ನಾನು ಪುಸ್ತಕವನ್ನು ಮುಚ್ಚಿಟ್ಟು ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳುತ್ತೇನೆ.

ಕಳೆದ ಸುಗ್ಗಿಯಲ್ಲಿ ನನ್ನ ಮಗಳೊಡನೆ ಕುಳಿತು ಆ ವಿಮಾನವನ್ನು ಮತ್ತೆ ಮಾಡಿದೆನು. ಪ್ಲಾಸ್ಟಿಕ್ಕಿನ ಜೋಡಣೆಗಳು ಇಂದು ಅಂಗಡಿಯಲ್ಲಿ ಸಿಕ್ಕುತ್ತವೆ. ಆದರೂ ಸಿಂದಗಿಯ ಕಡೆಯ ಗೆಳೆಯರೊಬ್ಬರ ಹೊಲದಿಂದ ದಂಟನ್ನೇ ತಂದೆವು. ಈ ಸಲ ಗದ್ದವನ್ನು ಮರೆಯಲಿಲ್ಲ.

ಬಣ್ಣದ ವಿಷಯದಲ್ಲಿ ಎರಡು ಮೂರು ಸೂಚನೆಗಳನ್ನು ಆಸಕ್ತರಿಗಾಗಿ ಹೇಳುತ್ತೇನೆ. ತಿಳಿಯ ಬಣ್ಣವನ್ನು ಮೊದಲು, ದಟ್ಟ ಬಣ್ಣವನ್ನು ಆಮೇಲೆ ಹಚ್ಚಬೇಕು: ಕೆಳಮೈಯ ಬೂದು, ಬಳಿಕ ಮೇಲ್ಮೈಗೆಲ್ಲ ಕಂದು, ಅದರ ಮೇಲೆ ಹಸಿರಿನ ಅಂಕುಡೊಂಕು ಪಟ್ಟೆ. ನಿಜವಾದ ವಿಮಾನದ ಬಣ್ಣವನ್ನು ಇದ್ದಂತೆಯೇ ಹಚ್ಚಿದರೆ ಪ್ರತಿಕೃತಿಯು ಕಪ್ಪಾಗಿ ಕಾಣುತ್ತದೆ. ದೂರದ ವಸ್ತುವಿಗೂ ನಮ್ಮ ಕಣ್ಣಿಗೂ ನಡುವೆ ಗಾಳಿ ಧೂಳುಗಳ ತೆಳುತೆರೆಯಿರುವುದರಿಂದ ಅದರ ಬಣ್ಣ ಮಾಸಿ ತೋರುವುದು. ಆ ಮಾಸಲನ್ನು ನಾವು ಒಂದು ಹನಿ ಬಿಳಿಯನ್ನು ಕಲಸಿ ತರಬೇಕು. ಮೆರಗು ಕೂಡದು, ಮಿಂಚುವ ವಿಮಾನವನ್ನು ಶತ್ರು ಹತ್ತು ಮೈಲಿಯಿಂದ ಕಂಡಾನು. ಎಂಜಿನ್ನಿನ ಹೊಗೆಕೊಳವೆಗಳ ಹಿಂದೆ ದೀಪದ ಕಾಡಿಗೆಯನ್ನು ಬೆರಳ ತುದಿಯಿಂದ ಬಾಲದ ಕಡೆಗೆ ಒರಸಿದರೆ ಹಾರಿ ಬಂದ ವಿಮಾನದಂತೆ ಕಾಣುತ್ತದೆ.

ಗುರುತನ್ನು ಬರೆಯುವ ಹೊತ್ತಿಗೆ ನನ್ನ ಮಗಳು ನೀಲಿಯ ಕುಂಚವನ್ನು ಎತ್ತಿಕೊಂಡಳು. ನಾನು ತಡೆದು, ಮೊದಲು ಕೆಂಪನ್ನು ಹಚ್ಚಲು ಹೇಳಿದೆನು. “ಅಪ್ಪಾ, ಕೆಂಪ ಇರಲಿಲ್ಲ ಅಂತ ನೀವಽ ಹೇಳಿದ್ರಿ?” ಎಂದು ಅವಳು ಕೇಳಿದಳು. ಇದ್ದಿತು, ಆಮೇಲೆ ಅಳಿಸಿದರು, ನಾವೂ ಹಾಗೆಯೇ ಮಾಡೋಣ ಎಂದೆನು. ಕೆಂಪು ಒಣಗಿದಮೇಲೆ ಅವಳು ಅದರ ಮೇಲೆ ತಿಳಿನೀಲಿಯನ್ನು ಎಳೆದಳು. ಕೆಳಗಿನ ಕೆಂಪು ಕದಡಿ ಮೇಲೆ ಬಂದು, ನೀಲಿಯು ನೇರಳೆಯಾಯಿತು. ಒಂದು ಕೈಗೆ ಕೂಡಲಿಲ್ಲ. ಅದನ್ನು ಚೆನ್ನಾಗಿ ಒಣಗಿಸಿ ಎರಡನೆಯ ಕೈಯನ್ನು ಹೊಡೆದಾಗ ನೀಲಿ ನಿಂತಿತು. ಮೂವತ್ತು ವರ್ಷಗಳ ಹಿಂದೆ, ನಗುತ್ತಿದ್ದ ಹುಡುಗರ ನಡುವೆ ಅರ್ಧಕ್ಕೆ ನಿಂತುಹೋದ ಮಾತೊಂದು ಅಲ್ಲಿ ಪೂರ್ತಿಯಾಯಿತು.

ಯುದ್ಧವಿಮಾನವು ಕೊಲ್ಲುವ ಯಂತ್ರ. ಅದರ ಬೊಂಬೆಯನ್ನು ಮಕ್ಕಳ ಕೈಗೆ ಕೊಡುವುದು ಸರಿಯೆ ಎಂದು ಕೇಳುವವರಿದ್ದಾರೆ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನನ್ನ ಉತ್ತರವಿಷ್ಟೆ. ಯುದ್ಧವನ್ನು ಮಾಡಿದವರೆಲ್ಲ ಗುಂಡು ಹಾರಿಸಿದವರಲ್ಲ. ಹರಿದ ಬಟ್ಟೆಗೆ ತೇಪೆ ಹಾಕಿದವರು, ಧೂಳನ್ನು ಒರಸಿದವರು, ತಮ್ಮವರ ಗುಂಡಿಗೆ ತಮ್ಮವರೇ ಬೀಳದಿರಲೆಂದು ಕೆಂಪಿನ ಮೇಲೆ ನೀಲಿಯನ್ನು ಬಳಿದವರು ಬಹಳ ಮಂದಿ. ಅವರ ಹೆಸರು ಯಾವ ಶಿಲೆಯ ಮೇಲೂ ಇಲ್ಲ. ಅವರ ಕೆಲಸವನ್ನು ಅರಿಯಬೇಕಾದರೆ ಆ ಕೆಲಸವನ್ನು ಚಿಕ್ಕದಾಗಿಯಾದರೂ ಒಮ್ಮೆ ಕೈಯಿಂದ ಮಾಡಿ ನೋಡಬೇಕು.

ಆ ವಿಮಾನವು ಈಗ ಇಂಡಿಯ ನಮ್ಮ ಮನೆಯಲ್ಲಿ, ಮಣ್ಣೆತ್ತುಗಳನ್ನು ಇಡುವ ಗೂಡಿನಲ್ಲಿದೆ. ನೋಡಲು ಬಂದವರು ಅದರ ಬಣ್ಣವನ್ನು ಮೆಚ್ಚುತ್ತಾರೆ. ನೀಲಿಯ ಕೆಳಗೆ ಕೆಂಪಿದೆಯೆಂಬುದು ನನಗೂ ನನ್ನ ಮಗಳಿಗೂ ಮಾತ್ರ ಗೊತ್ತಿದ್ದಿತು. ಇಂದಿನಿಂದ ತಮಗೂ ಗೊತ್ತಾಯಿತು. ತಮ್ಮ ಮನೆಗಳಲ್ಲಿಯೂ ಹೇಳಲು ಹೊರಟು ಮಾತು ನಿಲ್ಲಿಸಿದ ಹಿರಿಯರು ಇದ್ದಾರು. ಇನ್ನೂ ಇದ್ದಾರೆಂದರೆ, ಈ ರಾತ್ರಿಯೇ ಅವರ ಬಳಿ ಕುಳಿತು ಕೇಳಬೇಕೆಂದು ವಿಜ್ಞಾಪಿಸಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.